ಮೊದಲ ಏಟು ನಮ್ಮವರಿಗೆ

ನಮ್ಮ ಮುನಸಿಪಾಲ್ಟಿ ಗ್ಯಾಂಗಿನಲ್ಲೊಂದು ಬೇವರ್ಸಿ ನಿಯಮವಿತ್ತು. ಫುಟ್‌ಪಾತ್ ತೆರವು ಮಾಡುವಾಗ ಮೊದಲ ಏಟನ್ನು ನಮ್ಮ ನಮ್ಮವರ ಅಂಗಡಿಗೇ ಹಾಕಬೇಕು. ಹಿಂದೊಮ್ಮೆ ಒಬ್ಬ ತನ್ನ ಭಾವನ ತಳ್ಳುಗಾಡಿಯನ್ನು ಮುಟ್ಟದೆ ಮುಂದೆ ಹೋದದ್ದಕ್ಕೆ ಉಳಿದ ವ್ಯಾಪಾರಿಗಳು ಕಲ್ಲು ತೂರಿ ಅವನ ಕಣ್ಣು ತೆಗೆದಿದ್ದರು. ಅಂದಿನಿಂದ ನಮ್ಮ ಮೇಸ್ತ್ರಿ, ಮುಕಾದಮ, ಹೀಗೆ ಮಾಡಿಟ್ಟಿದ್ದ. ಯಾರೂ ಎದುರಾಡಿರಲಿಲ್ಲ, ನಾನೂ ಆಡಿರಲಿಲ್ಲ.

೧೯೮೪ರ ಬೇಸಿಗೆ. ನಾವು ದುಡಿಯಲು ಹೋಗಿದ್ದ ಕಳವಾ ಎಂಬ ಪರ ಊರಿನ ರಸ್ತೆಬದಿಯಲ್ಲಿ ನನ್ನ ಅಕ್ಕ ಮಾನಮ್ಮ ಬಿದಿರಿನ ಜೋಪಡಿ ಕಟ್ಟಿಕೊಂಡು ರೊಟ್ಟಿ ಮಾರುತ್ತಿದ್ದಳು. ಮುಂದಿನ ತಿಂಗಳು ನಾನು ಪರ್ಮನೆಂಟ್ ಆಗುವವನಿದ್ದೆ. ಹಿಂದಿನ ದಿನವೇ ಹೋಗಿ ಹೇಳಿದೆ.

"ಅಕ್ಕಾ, ನಾಳಿ ಮುನಸಿಪಾಲ್ಟಿ ಗಾಡಿ ಬರ್ತದ. ಎಲ್ಲಾ ಬಿಚ್ಚಿ ಇಟ್ಕೋ."

"ಈ ಕಡಿ ಯಾರು ಬರ್ತಾರ?"

"ನಾನೇ. ಮೊದಲ ಏಟು ನಂದೇ."

ಅವಳ ಮುಖ ಅರಳಿತು. "ಹಂಗಾದ್ರ ಚಿಂತಿನೇ ಇಲ್ಲ ಬಿಡು. ನಿನ್ನ ಎತ್ತಿ ಆಡಿಸೀನಿ. ನನ್ನ ಮ್ಯಾಲ ಕೈ ಎತ್ತಾಂವೇನು ನೀ?"

ತಲೆ ಕೆಟ್ಟು ಬೈದೆ. ನಕ್ಕು ರೊಟ್ಟಿ ಕೊಟ್ಟಳು. ತಿಂದು ಬಂದೆ, ಮೂರ್ಖ.

ಬೆಳಗ್ಗೆ ಹತ್ತಕ್ಕೆ ಗಾಡಿಯಿಂದಿಳಿದರೆ ಜೋಪಡಿ ಹಾಗೇ ನಿಂತಿತ್ತು. ಸಾಲದ್ದಕ್ಕೆ ಪಕ್ಕದ ಸಾಬವ್ವನ ತರಕಾರಿ ಬುಟ್ಟಿಗಳೂ ಅದರೊಳಗೆ. ತಮ್ಮ ಮುನಸಿಪಾಲ್ಟಿಯವ, ಇಲ್ಲಿಟ್ಟರೆ ಉಳಿಯುತ್ತವೆ ಎಂದು ಅಕ್ಕನೇ ಕರೆದು ಇಡಿಸಿದ್ದಳು. ರಸ್ತೆಯಾಚೆ ನೂರು ಜನ ವ್ಯಾಪಾರಿಗಳು ಕಲ್ಲು ಹಿಡಿದು ನನ್ನ ಹಾರೆಯನ್ನೇ ನೋಡುತ್ತಿದ್ದರು.

"ಮಾಪಣ್ಣಾ, ಮಾರ್," ಎಂದು ಮುಕಾದಮ ನನಗೆ ಹೊಡೆಯಲು ಸನ್ನೆ ಮಾಡಿದ.

"ಅಕ್ಕಾ, ಹೊರಗ ಬಾ."

"ಬರಂಗಿಲ್ಲ." ಕಂಬವನ್ನು ಎರಡೂ ಕೈಯಲ್ಲಿ ಅಪ್ಪಿ ನಿಂತಳು.

ಮೊದಲ ಕಲ್ಲು ನನ್ನ ಭುಜಕ್ಕೆ ಬಿತ್ತು. ಎರಡನೆಯದು ಕಿವಿ ಸೀಳಿತು. ಕಲ್ಲು ಹೊಡೆದವರನ್ನು ಬಿಟ್ಟು ಅವಳ ಮೇಲೇ ನನಗೆ ಸಿಟ್ಟು ನೆತ್ತಿಗೇರಿತು. ಎಷ್ಟು ಹೇಳಿದ್ದೆ ಮುಂಡೇದಕ್ಕೆ. ಹಾರೆ ಎತ್ತಿ ಕಂಬಕ್ಕೆ ಬೀಸಿದೆ. ಕೈ ತೆಗೆಯುತ್ತಾಳೆ ಅಂದುಕೊಂಡಿದ್ದೆ. ತೆಗೆಯಲಿಲ್ಲ. ಮುಂಗೈ ಎಲುಬು ಲಟಕ್ಕೆಂದು ಮುರಿದು ಚರ್ಮ ಹರಿದುಕೊಂಡು ಹೊರಬಂತು. ಜೋಪಡಿ ಅವಳ ಮೇಲೆ ಕುಸಿಯಿತು. ಕಲ್ಲು ತೂರುವುದು ನಿಂತಿತು.

ಆಸ್ಪತ್ರೆಗೆ ಹವಾಲ್ದಾರ ಬಂದಾಗ ನಾನು ಅವಳ ಕಾಲ ಬಳಿ ನಿಂತಿದ್ದೆ. ನನ್ನ ಹೆಸರು ಹೇಳಿದರೆ ನೌಕರಿ ಹೋಗುತ್ತದೆ. ಆದರೂ ಹೇಳಲಿ, ದೇವರೇ, ಹೇಳಲಿ ಎಂದು ಬೇಡಿಕೊಳ್ಳುತ್ತಿದ್ದೆ.

"ಕಿಸ್‌ನೇ ಮಾರಾ?" ಯಾರು ಹೊಡೆದದ್ದು ಎಂದು ಹವಾಲ್ದಾರ ಅವಳನ್ನು ಕೇಳಿದ.

"ಮುನಸಿಪಾಲ್ಟಿ ಕಾ ಆದ್ಮಿ. ಪೆಹಚಾನ್ ನಹೀ," ಎಂದಳು ಅಕ್ಕ. ಗುರುತಿಲ್ಲವಂತೆ.

ಇವನು ನಿನ್ನ ತಮ್ಮನೇ ಎಂದು ಹವಾಲ್ದಾರ ನನ್ನತ್ತ ಕೈ ತೋರಿಸಿದ. "ಯೇ ತೇರಾ ಭಾಯಿ ಹೈ ಕ್ಯಾ?"

ಅವಳು ನನ್ನನ್ನು ನೆಟ್ಟಗೆ ನೋಡಿದಳು.

"ನಹೀ."

ಹಾಗಾದರೆ ಹೊರಗೆ ನಡಿ ಎಂದು ಹವಾಲ್ದಾರ ನನ್ನ ತೋಳು ಹಿಡಿದ. ಒಳಗೆ ಮನೆಯವರು ಮಾತ್ರ ಇರಬಹುದಂತೆ.