ಒಬ್ಬಾಕಿನ ಬಂದೀಯೇನು?

ಅಫ್ಶೀನಳ ಸಿಟ್ಟು ಅವತ್ತೊಂದು ದಿನದ್ದಲ್ಲ. ಟರ್ಕಿಯ ಮೆಡಿಟರೇನಿಯನ್ ಕರಾವಳಿಯಲ್ಲಿ, ಕಡಲಿಗೆ ಎದೆಗೊಟ್ಟು ನಿಂತ ಗುಡ್ಡಗಳ ಕಾಲುದಾರಿಯಲ್ಲಿ, ಬೆನ್ನ ಮೇಲೆ ಟೆಂಟು ಹೊತ್ತು ಒಬ್ಬಳೇ ನಡೆಯಬೇಕೆಂಬುದು ಅವಳ ಬಹುದಿನದ ಆಸೆ. ಮೊದಲ ಸಲ ರಜೆ ಕೇಳಿದಾಗ, ಇಸವಿ ಎರಡು ಸಾವಿರ ಹುಟ್ಟಿದ ಕೂಡಲೇ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆಂಬ ಗುಲ್ಲೆದ್ದಿತ್ತು; ರಜೆ ಸಿಗಲಿಲ್ಲ. ಎರಡನೇ ಸಲ ಟಿಕೆಟ್ಟೂ ಕೈಗೆ ಬಂದಿತ್ತು. ಅಷ್ಟರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವಳಿದ್ದ ಕಂಪನಿ, ಇಂಟರ್‌ನೆಟ್ಟಿನಲ್ಲಿ ಕಿಟಕಿ ಪರದೆ ಮಾರಲು ಹೊರಟಿದ್ದ ಪುಟ್ಟ ಕಂಪನಿ, ತನ್ನ ವೆಬ್‌ಸೈಟಿನ ಲಾಂಚನ್ನು ಸರಿಯಾಗಿ ಅವಳ ರಜೆಯ ದಿನಗಳಿಗೇ ಮುಂದಕ್ಕೆ ಹಾಕಿತು. ಅದರ ಜೊತೆ ಟರ್ಕಿಯೂ ಮುಂದಕ್ಕೆ ಹೋಯಿತು. ಬಾಸು ದೊಡ್ಡ ಮನಸ್ಸು ಮಾಡಿ ಮೂರು ದಿನ ಕೊಟ್ಟ.

ಮೂರು ದಿನದಲ್ಲಿ ಟರ್ಕಿ ಆಗುವುದಿಲ್ಲ. ಬೆಳಿಗ್ಗೆ ಕಾರು ತೆಗೆದರೆ ಮಧ್ಯಾಹ್ನದೊಳಗೆ ಮುಟ್ಟುವ ಪಾಯಿಂಟ್ ರೇಯ್ಸ್ ಆಗುತ್ತದೆ. ಅಲ್ಲೂ ಕಡಿದಾದ ಬಂಡೆಗಳಿವೆ, ಕಡಲಿದೆ, ನಡೆದೇ ಸೇರಬೇಕಾದ ಕ್ಯಾಂಪುಗಳಿವೆ. ಮೊದಲ ರಾತ್ರಿ ಕೋಸ್ಟ್ ಕ್ಯಾಂಪು, ಎರಡನೆಯದು ಇನ್ನೂ ದಕ್ಷಿಣಕ್ಕಿರುವ ವೈಲ್ಡ್‌ಕ್ಯಾಟ್ ಕ್ಯಾಂಪು ಎಂದು ಗೊತ್ತುಮಾಡಿಕೊಂಡಳು. ಫಾಸ್ಟರ್ ಸಿಟಿಯಲ್ಲಿದ್ದ ಅಣ್ಣ ಫರಾಜ್ ಫೋನಿನಲ್ಲಿ, "ಒಬ್ಳೇ ಹೋಗಿ ಏನ್ ಮಾಡ್ತೀಯಾ? ಲಾಂಗ್ ವೀಕೆಂಡಿಗೆ ಹಾಕ್ಕೋ, ನಾವೂ ಬರ್ತೀವಿ. ಗ್ರಿಲ್ಲು ತರ್ತೀನಿ" ಎಂದ. ಅವಳು ಫೋನಿಟ್ಟವಳೇ ಚೀಲ ತುಂಬಿದಳು.

ಕೋಸ್ಟ್ ಕ್ಯಾಂಪಿನಲ್ಲಿ ಟೆಂಟಿನ ಗೂಟ ಹೊಡೆಯುತ್ತಿರುವಾಗ ಕಿವಿಗೆ ಬಿದ್ದದ್ದು ಕಡಲಿನ ಸದ್ದಲ್ಲ, ಕನ್ನಡ.

"ಹಂಸಾ, ಆ ಚಾರ್ಕೋಲು ಎಲ್ಲಿಟ್ಟೆ?"

ಪಕ್ಕದ ದೊಡ್ಡ ಜಾಗದಲ್ಲಿ ಒಂದು ಇಡೀ ಸಂಸಾರ ಬೀಡು ಬಿಟ್ಟಿತ್ತು. ಗಂಡ, ಹೆಂಡತಿ, ಇಂಗ್ಲಿಷಿನಲ್ಲಿ ಜಗಳವಾಡುವ ಮಕ್ಕಳು, ಸೀರೆಯ ಮೇಲೆ ಸ್ವೆಟರು ಹಾಕಿಕೊಂಡು ಬಿಳಿ ಸ್ನೀಕರ್ ತೊಟ್ಟ ಒಬ್ಬ ಹಿರಿಯ ಹೆಂಗಸು. ಅಫ್ಶೀನ್ ತಲೆ ಎತ್ತಲಿಲ್ಲ. ಅವರು ನೋಡಿ ನಕ್ಕಾಗ ಅಮೆರಿಕನ್ನರ ಹಾಗೆ "ಹಾಯ್" ಎಂದು ಬೇರೆ ಕಡೆ ತಿರುಗಿದಳು. ಕನ್ನಡ ಬರುವುದೆಂದು ಗೊತ್ತಾದರೆ ಮುಗಿಯಿತು, ಊರು ಯಾವುದು, ಕಂಪನಿ ಯಾವುದು, ಊಟ ಆಯಿತೇ ಎಂದು ಶುರುವಾಗುತ್ತದೆ.

ಆದರೆ ಗೂಟದ ಬಳಿ ತುರಚಿ ಗಿಡವಿತ್ತು. ಅದು ಮುಂಗೈಗೆ ಸವರಿದ್ದೇ ತಡ, "ಅಯ್ಯಯ್ಯೋ, ಉರಿಯಪ್ಪಾ!" ಎಂದು ಕೂಗಿಬಿಟ್ಟಳು.

ಕ್ಯಾಂಪು ಗಪ್ಪಾಯಿತು. ಹಿರಿಯ ಹೆಂಗಸು ಎದ್ದು ನೇರ ಬಂದರು.

"ಏನ್ ತಂಗೀ, ಕನ್ನಡದಾಕಿ ಅದೀಯಲ್ಲ! ಮತ್ತ ಸುಮ್ನ ಯಾಕ ಕುಂತಿದ್ದಿ? ಒಬ್ಬಾಕಿನ ಬಂದೀಯೇನು?"

"ಹೂಂ."

"ಗಂಡ?"

"ಇಲ್ಲ."

"ಬಂದಿಲ್ಲೊ, ಆಗಿಲ್ಲೊ?"

"ಎರಡೂ."

"ಹೆಸರೇನು?"

"ಅಫ್ಶೀನ್."

"ಅಪ್ಸಿ. ಚಲೋ ಅದ. ನಾ ಭದ್ರಮ್ಮ, ಗದಗದಾಕಿ. ಮಗ ರಮೇಶ ಮಾರ್ಗನ್ ಹಿಲ್‌ನ್ಯಾಗ ಇರ್ತಾನ."

ಅಫ್ಶೀನ್ ಕೈಗೆ ತಣ್ಣೀರು ಸುರಿದುಕೊಂಡು, ತಲೆ ನೋವೆಂದು ಹೇಳಿ ಟೆಂಟಿನೊಳಗೆ ಹೋಗಿ ಜಿಪ್ಪೆಳೆದಳು. ಕಡಲಿನ ಇಳಿತದ ಹೊತ್ತಿಗೆ ಮೆಲ್ಲಗೆ ಹೊರಬಿದ್ದು ದಂಡೆಗೆ ಇಳಿದಳು. ದಕ್ಷಿಣಕ್ಕೆ ನಡೆದರೆ ನೀರು ಕೊರೆದ ಬಂಡೆಗಳ ಸಾಲು. ನೀರು ಇಳಿದಾಗ ಮಾತ್ರ ಅವುಗಳ ಮೂತಿ ದಾಟಿ ಆಚೆ ಹೋಗಬಹುದು. ಅಲ್ಲಿ ಕೂತು ಏನೂ ಮಾಡದಿರುವುದು ಅವಳ ಯೋಜನೆ.

"ಏ ಅಪ್ಸೀ! ನಿಂದರು!"

ತಿರುಗಿದರೆ ಭದ್ರಮ್ಮ, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮರಳಿನಲ್ಲಿ ದಾಪುಗಾಲು ಹಾಕುತ್ತಿದ್ದರು.

"ಮಗನಿಗೆ ಹೇಳಿ ಬಂದ್ರಾ?"

"ಹೇಳೀನಿ, ಹೇಳೀನಿ. ನಡಿ."

ಬಿರುಸಾಗಿ ನಡೆದರೆ ಹಿಂದೆ ಉಳಿದಾರೆಂದು ಅಫ್ಶೀನ್ ಕಾಲು ಚುರುಕು ಮಾಡಿದಳು. ಹೆಂಗಸು ಹಿಂದೆ ಬೀಳಲಿಲ್ಲ. ಅಷ್ಟೇ ಅಲ್ಲ, ಬಾಯಿಯೂ ನಿಲ್ಲಲಿಲ್ಲ. ಅವಳ ಕಂಪನಿಯ ವಿಷಯ ಬಾಯಿಬಿಡಿಸಿ, ಪರದೆ ಬೇಕಾದವರು ಅಂಗಡಿಗೇ ಹೋಗಿ ತರುವುದಿಲ್ಲವೇ, ಅದಕ್ಕೆ ಕಂಪ್ಯೂಟರ್ ಯಾಕೆ ಎಂದು ಕೇಳಿದರು. ಅಫ್ಶೀನಳೂ ಅದನ್ನೇ ಎಷ್ಟೋ ಸಲ ಕೇಳಿಕೊಂಡಿದ್ದಳು. ಅದರಿಂದ ಸಿಟ್ಟು ಇನ್ನೂ ಏರಿತು. ಚೀಲದಲ್ಲಿದ್ದ ಬಾದಾಮಿ ಪೊಟ್ಟಣ ಭದ್ರಮ್ಮನ ಕೈಗೆ ಹೋಗಿ ಖಾಲಿಯಾಗಿ ಮರಳಿ ಬಂತು.

ಬಂಡೆಯ ಮೂತಿ ದಾಟಿದ ಮೇಲೆ ಭದ್ರಮ್ಮ ಸ್ನೀಕರ್ ಬಿಚ್ಚಿಟ್ಟು, ಕಲ್ಲಿನ ಗುಂಡಿಯ ನೀರಿನಲ್ಲಿ ಕಾಲಿಟ್ಟು ನಿಂತರು. ಒಳಗೆ ಕಿತ್ತಳೆ ಬಣ್ಣದ ನಕ್ಷತ್ರ ಮೀನುಗಳು ಅಂಟಿಕೊಂಡಿದ್ದವು.

"ಅಮ್ಮಾ, ಹೊರಡೋಣ. ನೀರು ಏರೋ ಟೈಮಾಯ್ತು. ಏರಿದ್ರೆ ಆ ಮೂತಿ ದಾಟಕ್ಕಾಗಲ್ಲ."

"ಏರ್ಲಿ ಬಿಡು. ಇನ್ನೊಂದೀಟು."

"ಅಮ್ಮಾ!"

"ನನ್ನ ಸೊಸಿಗಿಂತ ಅವಸರ ನಿಂದು."

ಇನ್ನೊಂದೀಟು, ಇನ್ನೊಂದೀಟು ಎನ್ನುತ್ತಿರುವಾಗಲೇ ದೊಡ್ಡದೊಂದು ಅಲೆ ಬಂದು ಕಲ್ಲಿನ ಮೇಲಿದ್ದ ಒಂದು ಸ್ನೀಕರನ್ನು ಎತ್ತಿಕೊಂಡು ಹೋಯಿತು. ಭದ್ರಮ್ಮ "ನನ್ನ ಬೂಟು!" ಎಂದು ಅದರ ಹಿಂದೆಯೇ ನೀರಿಗಿಳಿದರು. ಅಫ್ಶೀನ್ ಓಡಿಹೋಗಿ ಸ್ವೆಟರನ್ನು ಹಿಡಿದು ಜಗ್ಗಿದಳು. ಮುಂದಿನ ಅಲೆ ಇಬ್ಬರನ್ನೂ ಸೊಂಟದವರೆಗೆ ತೋಯಿಸಿತು. ದಡಕ್ಕೆ ಬಂದು ಬಿದ್ದಾಗ ಬಂಡೆಯ ಮೂತಿಗೆ ನೀರು ಬಡಿಯುತ್ತಿತ್ತು. ಬಂದ ದಾರಿ ಮುಚ್ಚಿತ್ತು.

ಉಳಿದದ್ದು ಒಂದೇ, ದಂಡೆಯಿಂದ ಮೇಲಿನ ಕಾಲುದಾರಿಗೆ ಹತ್ತುವ ಕಡಿದಾದ ಜಾಡು. ಅಫ್ಶೀನ್ ತನ್ನ ಎರಡೂ ಕಾಲಿನ ದಪ್ಪ ಉಣ್ಣೆ ಸಾಕ್ಸು ಬಿಚ್ಚಿ, ಭದ್ರಮ್ಮನ ಸ್ನೀಕರಿಲ್ಲದ ಕಾಲಿಗೆ ಒಂದರ ಮೇಲೊಂದು ಹಾಕಿ, ಅದರ ಮೇಲೆ ತಲೆಗೆ ಸುತ್ತಿದ್ದ ಸ್ಕಾರ್ಫು ಬಿಗಿದಳು. ಒದ್ದೆ ಬೂಟಿನೊಳಗೆ ಅವಳ ಹಿಮ್ಮಡಿ ಉಜ್ಜಿ ಬೊಬ್ಬೆ ಬಂತು. ಅರ್ಧ ಹತ್ತಿದ ಮೇಲೆ ಭದ್ರಮ್ಮ ಒಂದು ಕಲ್ಲಿನ ಮೇಲೆ ಕೂತೇಬಿಟ್ಟರು.

"ಸಾಕಾತು. ನೀ ಹೋಗು. ನಾ ಆಮ್ಯಾಲ ಬರ್ತೀನಿ."

ಅಫ್ಶೀನಳಿಗೆ ಇನ್ನು ತಡೆಯಲಾಗಲಿಲ್ಲ. "ಬಿಟ್ಟು ಹೇಗ್ರೀ ಹೋಗೋದು? ನಾನಿಲ್ಲಿಗೆ ಬಂದಿದ್ದೇ ಯಾರ ಜೊತೇನೂ ಮಾತಾಡ್ಬಾರ್ದು ಅಂತ! ಯಾರಿಗೂ ಉತ್ತರ ಕೊಡ್ಬಾರ್ದು ಅಂತ! ಒಂದು ಮಧ್ಯಾಹ್ನ ಬಿಡಕ್ಕಾಗಲ್ವಾ ನನ್ನ?"

ಭದ್ರಮ್ಮ ಸಿಟ್ಟಾಗಲಿಲ್ಲ. "ನಾನೂ ಅದಕ್ಕ ಬಂದೆ" ಎಂದರು. "ಈ ದೇಶಕ್ಕ ಬಂದಾಗಿಂದ ಒಂದು ದಿನ ಒಬ್ಬಾಕಿನ ಬಾಗಲಾ ದಾಟಿಲ್ಲ. ಮೂಲೀ ತನಕ ಹೋಗಬೇಕಂದ್ರೂ ಕಾರು ಬರಬೇಕು, ಮಗ ಬರಬೇಕು. ಗದಗಿನ್ಯಾಗ ದಿನಾ ಸಂತೀಗೆ ನಾನ ಹೋಗ್ತಿದ್ದೆ."

"ಮತ್ತೆ ನನ್ನ ಹಿಂದೆ ಯಾಕೆ ಬಂದ್ರಿ?"

"ನನಗ ಒಬ್ಬಾಕಿಗೆ ಹಾದಿ ಗೊತ್ತಿಲ್ಲಲ್ಲ."

ಅಫ್ಶೀನ್ ಕೈ ಚಾಚಿದಳು. ಭದ್ರಮ್ಮ ಹಿಡಿದುಕೊಂಡು ಎದ್ದರು. ಆಮೇಲೆ ಕ್ಯಾಂಪಿನವರೆಗೂ ಅವರು ಮಾತಾಡಲಿಲ್ಲ. ಆದರೆ ಕುಂಟುವವರಿಗೆ ಹೆಗಲು ಕೊಟ್ಟು ನಡೆಯುವಾಗ ಆ ಮೌನದಿಂದ ಯಾವ ಸುಖವೂ ಸಿಗಲಿಲ್ಲ.

ಕ್ಯಾಂಪಿನಲ್ಲಿ ರಮೇಶ್ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದ. ಭದ್ರಮ್ಮ ಯಾರಿಗೂ ಏನೂ ಹೇಳಿ ಬಂದಿರಲಿಲ್ಲ.

"ಅಮ್ಮಾ! ಎಲ್ಲಿಗ್ ಹೋಗಿದ್ದಿ? ರೇಂಜರ್‌ನ ಕರೆಯೋಕೆ ಹೊರಟಿದ್ದೆ ನಾನು!"

ಅಫ್ಶೀನ್ ಬಾಯಿ ತೆರೆಯುವಷ್ಟರಲ್ಲಿ ಭದ್ರಮ್ಮ ಅವಳ ಭುಜ ತಟ್ಟಿ, "ಏನ್ ಮಾಡೂದಪ್ಪಾ! ಈ ಹುಡುಗಿ ಹಾದಿ ತಪ್ಪಿ ಅಳ್ಕೋತ ನಿಂತಿತ್ತು. ಬಿಟ್ಟು ಬರಾಕ ಮನಸಾಗಲಿಲ್ಲ. ಕರಕೊಂಡು ಬಂದೆ" ಎಂದರು.

ಅಫ್ಶೀನ್ ಅವರ ಮುಖವನ್ನೇ ನೋಡಿದಳು. ಆ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಕಣ್ಣುಗಳು ಮಾತ್ರ ಅವಳನ್ನು ಬೇಡುತ್ತಿದ್ದವು. ನಿಜ ಹೇಳಿದರೆ ಈ ಹೆಂಗಸನ್ನು ಇನ್ನು ಅಂಗಳಕ್ಕೂ ಬಿಡುವುದಿಲ್ಲ.

"ಹೌದು," ಎಂದಳು ಹಲ್ಲು ಕಚ್ಚಿ. "ದಾರಿ ತಪ್ಪಿತ್ತು."

ಅದಕ್ಕೆ ಸಿಕ್ಕಿದ್ದು ರಮೇಶನ ಉಪನ್ಯಾಸ. ಹೆಂಗಸರು ಒಬ್ಬರೇ ಹೈಕಿಂಗ್ ಹೋಗುವುದು ಎಷ್ಟು ರಿಸ್ಕು, ಸೆಲ್ ಫೋನು ಕೂಡ ಸಿಗುವುದಿಲ್ಲ, ಟೈಡಿನ ಬಗ್ಗೆ ಮೊದಲೇ ಓದಿಕೊಂಡಿರಬೇಕು. "ನಾಳೆ ನಮ್ ಜೊತೇನೇ ವಾಪಸ್ ಬಂದ್ಬಿಡಿ. ನಿಮ್ ಕಾರಿನ ತನಕ ಬಿಡ್ತೀವಿ." ಕಡಲಿನ ಏರಿಳಿತದ ಹೊತ್ತು ಬರೆದ ಟೈಡಿನ ಪಟ್ಟಿ ಅವಳ ಜೇಬಿನಲ್ಲೇ ಒದ್ದೆಯಾಗಿ ಮುದ್ದೆಯಾಗಿತ್ತು. ಅವಳು ಪ್ರತಿ ಮಾತಿಗೂ ತಲೆಯಾಡಿಸಿದಳು.

ಕತ್ತಲಾಗುವ ಮುಂಚೆ ಹಂಸಾ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದು ಟೆಂಟಿನ ಮುಂದಿಟ್ಟಳು. ದನಿ ತಗ್ಗಿಸಿ, "ಸಾರಿ. ಹೋದ ವಾರ ಲೈಬ್ರರಿಯಲ್ಲೂ ಅತ್ತೆ ಹೀಗೇ ಮಾಡಿದ್ರು. ಅಲ್ಲಿ ದಾರಿ ತಪ್ಪಿದೋಳು ಒಬ್ಳು ಚೀನೀ ಅಜ್ಜಿ" ಎಂದಳು. ಅಫ್ಶೀನ್ ನಗಲಿಲ್ಲ. ಸಿಟ್ಟಿನಲ್ಲೇ ತಿಂದಳು. ರೊಟ್ಟಿ ಚೆನ್ನಾಗಿದ್ದದ್ದೂ ಅವಳಿಗೆ ಕಿರಿಕಿರಿಯೆನಿಸಿತು.

ಬೆಳಗಾಗುತ್ತಲೇ, ಮಂಜು ಇನ್ನೂ ಹುಲ್ಲಿನ ಮೇಲೆ ಕೂತಿರುವಾಗ, ಅವಳು ಟೆಂಟು ಕಿತ್ತು ಚೀಲ ಹೊತ್ತಳು. ಪಕ್ಕದ ಬಿಡಾರದಲ್ಲಿ ಎಲ್ಲರೂ ಮಲಗಿದ್ದರು, ಒಬ್ಬರ ಹೊರತು. ಭದ್ರಮ್ಮ ಮಗನ ಚಪ್ಪಲಿ ಮೆಟ್ಟಿ, ಮರದ ಬೆಂಚಿನ ಮೇಲೆ ಕಡಲಿಗೆ ಮುಖ ಮಾಡಿ ಕೂತಿದ್ದರು. ಹೆಜ್ಜೆ ಸದ್ದಿಗೆ ತಿರುಗಿ ಅವಳನ್ನು ನೋಡಿದರು. ಎದ್ದು ಜೊತೆಗೆ ಹೊರಟುಬಿಟ್ಟರೆ ಎಂದು ಅಫ್ಶೀನ್ ನಿಂತುಬಿಟ್ಟಳು. ಭದ್ರಮ್ಮ ಏಳಲಿಲ್ಲ. ಬೇಗ ಹೋಗು ಎನ್ನುವಂತೆ ಕೈಬೀಸಿ, ಮತ್ತೆ ಕಡಲಿನ ಕಡೆ ತಿರುಗಿ ಸೆರಗು ಹೊದ್ದುಕೊಂಡರು.

ವೈಲ್ಡ್‌ಕ್ಯಾಟಿನ ದಾರಿಯಲ್ಲಿ ಮೊದಲ ದಿಬ್ಬ ಏರುವವರೆಗೂ ಅಫ್ಶೀನ್ ಹಿಂದೆ ತಿರುಗಿ ತಿರುಗಿ ನೋಡಿದಳು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ನಡುದಾರಿಯಲ್ಲಿ ನಿಂತು ಬಾಸನ್ನು, ಫರಾಜನನ್ನು, ರಮೇಶನನ್ನು ಒಬ್ಬೊಬ್ಬರನ್ನಾಗಿ ಗಟ್ಟಿಯಾಗಿ ಬೈದಳು, ಕನ್ನಡದಲ್ಲಿ, ಉರ್ದುವಿನಲ್ಲಿ, ಕೊನೆಗೆ ಇಂಗ್ಲಿಷಿನಲ್ಲಿ. ಭದ್ರಮ್ಮನ ಸರದಿ ಬಂದಾಗ "ಛೆ!" ಎಂದಷ್ಟೇ ಅಂದು ಚೀಲದ ಪಟ್ಟಿ ಬಿಗಿದುಕೊಂಡಳು. ಪೊದೆಯ ಬಳಿ ಮೇಯುತ್ತಿದ್ದ ಜಿಂಕೆಯೊಂದು ತಲೆ ಎತ್ತಿ ಅವಳನ್ನು ನೋಡಿತು. ಅವಳು ಅದಕ್ಕೆ ಏನೂ ಹೇಳದೆ ನಡೆದಳು.