ಗವಾನನ ಸೊಂಟದ ಹಗ್ಗ

ನಲವತ್ತು ದಾಟಿದರೂ ಗವಾನನ ಸೊಂಟದಲ್ಲಿದ್ದದ್ದು ಕುದುರೆಯ ಮುಖಕ್ಕೆ ಹಾಕುವ ಹಗ್ಗವೇ. ಮ್ಯಾಸಿಡೋನಿಯದ ಬೆಟ್ಟದೂರುಗಳ ಕಟ್ಟಳೆ ಹಾಗೆ: ಯುದ್ಧದಲ್ಲಿ ಒಬ್ಬನನ್ನಾದರೂ ಕೊಂದವನ ಸೊಂಟಕ್ಕಷ್ಟೇ ತೊಗಲಿನ ಪಟ್ಟಿ, ಉಳಿದವರಿಗೆ ಹಗ್ಗ. ಗವಾನ ಕುದುರೆ ನೋಡಿಕೊಳ್ಳುವವನು, ಅವನ ಜಾಗ ಸೇನೆಯ ಹಿಂದೆ. ಅಲ್ಲಿ ಕೊಲ್ಲಲು ನೊಣ ಬಿಟ್ಟರೆ ಯಾರು ಸಿಗಬೇಕು, ಪಾಪ!

"ಏನ್ ಭಾವ, ಇವತ್ತಾದ್ರೂ ಹಗ್ಗ ಬಿಚ್ತೀಯೋ, ಇಲ್ಲ ನಿನ್ನೂ ಕುದುರೆ ಜೊತೆ ಕಟ್ಟಿಹಾಕ್ಲೋ?" ಎಂದ ಮಖಾತ. ಹೆಂಡತಿಯ ತಮ್ಮ, ಈಟಿಪಡೆಯ ಕೊನೆಯ ಸಾಲಿನವನು. ಸಾಲಿಗೆ ಸಾಲೇ ನಕ್ಕಿತು.

"ನಿಮ್ಮಕ್ಕನ್ನ ಮದ್ವೆ ಆದಾಗ್ಲೇ ಕಟ್ಟಿಹಾಕಿ ಆಯ್ತಲ್ಲಪ್ಪಾ," ಎಂದು ಗವಾನನೂ ನಕ್ಕ. ಆದರೆ ಒಳಗೆ ಹೊಟ್ಟೆ ಉರಿಯುತ್ತಿತ್ತು. ಇವತ್ತು ಪಟ್ಟಿ ಕಟ್ಟಿಯೇ ತೀರಬೇಕೆಂದು ಹಳೆಯ ಈಟಿಯೊಂದನ್ನು ಮಸೆದಿಟ್ಟುಕೊಂಡಿದ್ದ. ಊರು ಬಿಡುವಾಗ ಹೆಂಡತಿ ಕೇಳಿದ್ದೇ ಬೇರೆ. "ನನ್ ತಮ್ಮ ಬಾಯಿಬಡುಕ. ಹೆಂಗಾದ್ರೂ ಜೀವಂತ ಕರ್ಕೊಂಡ್ ಬಾ," ಎಂದಿದ್ದಳು.

ಎದುರಾಳಿ ಪರ್ಷಿಯನ್ನರು ಗೌಗಮೇಲದ ಬಯಲಿನ ದಿಬ್ಬ ಕೆರೆದು, ಗುಂಡಿ ಮುಚ್ಚಿ, ತಮ್ಮ ರಥಗಳಿಗಾಗಿ ಅಂಗಳದ ಹಾಗೆ ಹಸನು ಮಾಡಿದ್ದರು. ಚಕ್ರಕ್ಕೆ ಕುಡುಗೋಲು ಕಟ್ಟಿದ ರಥಗಳು ಧೂಳೆಬ್ಬಿಸಿಕೊಂಡು ನುಗ್ಗಿದವು. ಆ ನುಗ್ಗಿದ ಚಂದವೇನು! ಈಟಿಪಡೆಯವರು ಕದಲಲಿಲ್ಲ. ಕಹಳೆ ಕೂಗಿದ್ದೇ ತಡ, ಬಾಗಿಲು ತೆರೆದಂತೆ ಎರಡು ಕಡೆಗೆ ಸರಿದರು. ಸಾವಿರ ಮಂದಿ, ಹೆಜ್ಜೆ ಒಂದೇ. ಈಟಿಗಳಿಗೆ ಬೆದರಿದ ಕುದುರೆಗಳು ಖಾಲಿ ದಾರಿ ಹಿಡಿದು ಸೇನೆಯ ಹಿಂದೆ ಗವಾನನಿದ್ದಲ್ಲಿಗೇ ಓಡಿಬಂದವು. ಎಂಥ ಗಂಡುಗಳಪ್ಪಾ ನಮ್ಮವರು, ಎಂದು ಗವಾನನ ಎದೆ ಉಬ್ಬಿತು.

ಅಷ್ಟರಲ್ಲಿ ಒಂದು ರಥ ಗಕ್ಕನೆ ತಿರುಗಿತು. ಸಾರಥಿ ಅದನ್ನು ನೇರ ಮಖಾತನ ಸಾಲಿನ ಬೆನ್ನಿಗೇ ಓಡಿಸಿದ. ಅವರೆಲ್ಲರ ಕಣ್ಣು ಮುಂದಕ್ಕಿತ್ತು. ಗವಾನನಿಗೆ ಸಾರಥಿಯ ಎದೆ ಹತ್ತೇ ಹೆಜ್ಜೆ ದೂರ, ಕೈಯಲ್ಲಿ ಈಟಿ. ಎಸೆದರೆ ಪಟ್ಟಿ ತನ್ನದು.

ಆದರೆ ಸಾರಥಿ ಸತ್ತ ಮಾತ್ರಕ್ಕೆ ಬೆದರಿದ ಕುದುರೆ ನಿಲ್ಲುತ್ತದೆಯೇ? ಅದು ಗವಾನನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಈಟಿ ಬಿಸಾಡಿದ, ಸೊಂಟದ ಹಗ್ಗ ಬಿಚ್ಚಿದ, ಅಂಚಿನ ಕುದುರೆಯ ಮೇಲೆ ಬಿದ್ದು ಮುಖಕ್ಕೆ ಸುತ್ತಿ ಜೋತುಬಿದ್ದ. ಕುಡುಗೋಲು ಅವನ ಮೀನಖಂಡ ಸೀಳಿತು. "ಹೋ ನನ್ನಪ್ಪಾ, ಹೋ ಬಂಗಾರಾ," ಎನ್ನುತ್ತ ಹಗ್ಗ ಎಳೆಯುತ್ತಲೇ ಹೋದ. ಮಖಾತನ ಹಿಮ್ಮಡಿಗೆ ಗೇಣು ದೂರದಲ್ಲಿ ರಥ ನಿಂತಿತು. ಸಾರಥಿಯನ್ನು ಉಳಿದ ಕುದುರೆಯಾಳುಗಳು ಹಿಡಿದರು.

ಸಂಜೆಯ ಹೊತ್ತಿಗೆ ಪರ್ಷಿಯದ ದೊರೆ ಓಡಿಹೋಗಿ ಯುದ್ಧ ಮುಗಿದಿತ್ತು. ಗವಾನ ಕಾಲಿಗೆ ಬಟ್ಟೆ ಸುತ್ತಿಕೊಂಡು, ಕಟ್ಟಲು ಹಗ್ಗವಿಲ್ಲದೆ ಜೋಲುವ ಅಂಗಿಯನ್ನು ಕೈಯಲ್ಲಿ ಹಿಡಿದು ಕೂತಿದ್ದ. ಮಖಾತ ಬಂದು ತನ್ನ ಪಟ್ಟಿಯನ್ನು ಅವನ ತೊಡೆಯ ಮೇಲಿಟ್ಟ.

"ನಾನ್ಯಾರನ್ನೂ ಕೊಲ್ಲಲಿಲ್ವಲ್ಲೋ," ಎಂದ ಗವಾನ.

"ಗೊತ್ತು ಭಾವ."

ಆಗ ಗವಾನ ನೋಡಿದ. ಕುದುರೆಯ ಜೊಲ್ಲು ಇನ್ನೂ ಒಣಗದ ಆ ಹಗ್ಗ ಮಖಾತನ ಸೊಂಟದಲ್ಲಿತ್ತು.

"ಅಕ್ಕ ಕೇಳಿದ್ರೆ, ಭಾವ ನನ್ನ ಇದ್ರಲ್ಲೇ ಕಟ್ಟಿ ಮನೆಗೆ ಎಳ್ಕೊಂಡ್ ಬಂದ ಅಂತೀನಿ," ಎಂದ ಮಖಾತ. ಸುತ್ತ ನಿಂತಿದ್ದ ಅವನ ಸಾಲಿನವರಲ್ಲಿ ಈ ಸಲ ಒಬ್ಬನೂ ನಗಲಿಲ್ಲ.