ಬಾಗಿಲಾಚೆ ಕೂತ ಮಾವ

ಕಾನೂನು ಕಾಲೇಜಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಗೆಸ್ಟ್ ಮೇಡಂ ಎಂದು. ಹುದ್ದೆಯ ಪೂರ್ತಿ ಹೆಸರು ಅತಿಥಿ ಉಪನ್ಯಾಸಕಿ. ಹತ್ತು ವರ್ಷದಿಂದ ಅತಿಥಿಯಾಗಿದ್ದರೂ ಸ್ಟಾಫ್ ರೂಮಿನಲ್ಲಿ ಅವಳದ್ದು ಎನ್ನುವ ಒಂದು ಕುರ್ಚಿ ಇರಲಿಲ್ಲ. ಕಾಯಂ ಆದವರು ಕ್ಲಾಸಿಗೆ ಹೋದಾಗ ಅವರ ಕುರ್ಚಿಯಲ್ಲಿ ಕೂರುವುದು, ಅವರು ಬಂದ ಕೂಡಲೇ ಏನೋ ನೆನಪಾದವಳಂತೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಲ್ಲುವುದು. ಇದನ್ನು ಅವಳು ಎಷ್ಟು ಸಹಜವಾಗಿ ಮಾಡುತ್ತಿದ್ದಳೆಂದರೆ, ಅಲ್ಲಿ ನೋಡುವಂಥದ್ದೇನೋ ಇದೆ ಎಂದುಕೊಂಡು ಹೊಸಬರೂ ಬಂದು ಇಣುಕುತ್ತಿದ್ದರು. ಕೆಳಗಿದ್ದದ್ದು ಸೈಕಲ್ ನಿಲ್ಲಿಸುವ ಜಾಗ.

ಆ ವರ್ಷ ಒಂದು ಕಾಯಂ ಹುದ್ದೆ ಮಂಜೂರಾಯಿತು. ಅದೂ ಅವಳು ಪಾಠ ಮಾಡುತ್ತಿದ್ದ ಆಡಳಿತ ಕಾನೂನಿಗೇ. ಸ್ನಾತಕೋತ್ತರ ಪದವಿ ಬೇಕು, ಅರ್ಹತಾ ಪರೀಕ್ಷೆ ಪಾಸಾಗಿರಬೇಕು, ಡಾಕ್ಟರೇಟು ಬೇಕು, ಲೇಖನಗಳು ಅಚ್ಚಾಗಿರಬೇಕು, ಪಾಠ ಮಾಡಿದ ಅನುಭವ ಬೇಕು. ಎಲ್ಲವೂ ಅವಳ ಹತ್ತಿರ ಇತ್ತು. ವಯಸ್ಸೂ ಇತ್ತು, ಆ ವರ್ಷದ ಮಟ್ಟಿಗೆ. ಮುಂದಿನ ವರ್ಷ ಮಿತಿ ದಾಟುತ್ತಿತ್ತು. ಈ ಸಲ ಕೈತಪ್ಪಿದರೆ ಅವಳ ಪಾಲಿಗೆ ಉಳಿಯುವುದು ಆ ಕಿಟಕಿಯೇ.

ಅರ್ಜಿಗಳನ್ನು ಜರಡಿ ಹಿಡಿದ ಮೇಲೆ ಉಳಿದವರು ಇಬ್ಬರು. ಒಬ್ಬಳು ಅವಳು, ಇನ್ನೊಬ್ಬ ಪ್ರಿನ್ಸಿಪಾಲರ ಅಳಿಯ.

ಅಳಿಯನ ಸಂಶೋಧನೆಯ ವಿಷಯ, ನೇಮಕಾತಿಯಲ್ಲಿ ನಿಷ್ಪಕ್ಷಪಾತ. ಮಾರ್ಗದರ್ಶನ ಮಾಡಿದವರು ಮಾವನ ಒಬ್ಬ ಗೆಳೆಯರು, ಪರೀಕ್ಷೆ ಮಾಡಿದವರು ಇನ್ನೊಬ್ಬ ಗೆಳೆಯರು. ಪಾಠ ಮಾಡಿದ ಅನುಭವ ಎರಡು ವರ್ಷ, ಅಚ್ಚಾದ ಲೇಖನಗಳು ಐದು. ಓದಿದವರು ಹೇಳುವ ಪ್ರಕಾರ ಲೇಖನ ಒಂದೇ, ಐದು ಸಲ ಅಂಗಿ ಬದಲಿಸಿತ್ತು. ಹಾಗೆಂದು ಅವನು ಕೆಟ್ಟವನೇನಲ್ಲ. ಎದುರಿಗೆ ಸಿಕ್ಕರೆ ನಿಂತು ಮಾತಾಡಿಸುತ್ತಿದ್ದ, ಅವಳನ್ನು ಅಕ್ಕ ಎನ್ನುತ್ತಿದ್ದ. ತನಗೆ ಎಲ್ಲವೂ ಯಾಕೆ ಇಷ್ಟು ಸಲೀಸಾಗಿ ಸಿಗುತ್ತದೆ ಎಂದು ಅವನು ಯೋಚಿಸಿದಂತಿರಲಿಲ್ಲ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಅದರಲ್ಲಿ ಯೋಚಿಸುವುದೇನು.

ಮನೆಯಲ್ಲಿ ಇದ್ದವರು ಅವಳು ಮತ್ತು ಅತ್ತೆ. ಗಂಡ ತೀರಿಕೊಂಡ ಮೇಲೆ ಅವರಿಬ್ಬರೂ ಬೇರೆಯಾಗುವ ಮಾತು ಆಡಿರಲಿಲ್ಲ. ಒಟ್ಟಿಗಿರೋಣ ಎಂದೂ ಹೇಳಿಕೊಂಡಿರಲಿಲ್ಲ. ಸಂದರ್ಶನದ ದಿನ ಅತ್ತೆ ಅವಳ ಸೀರೆಗೆ ತಾವೇ ಇಸ್ತ್ರಿ ಹಾಕಿ ಕೊಟ್ಟರು. ಸೊಸೆಯ ಬಾಯಿ ಅವರಿಗೆ ಚೆನ್ನಾಗಿ ಗೊತ್ತಿತ್ತು.

“ನಿಂಗೆ ಸರಿ ತಪ್ಪು ಗೊತ್ತಾಗುತ್ತೆ ಅಂತ ಅವರಿಗೂ ಗೊತ್ತು ಕಣೇ. ಇವತ್ತೊಂದಿನ ಅದನ್ನ ತೋರಿಸ್ಬೇಡ.”

ಅವಳು ಆಯಿತು ಎಂದಳು. ಮನಸ್ಸಿನಿಂದಲೇ ಅಂದಳು. ಸಂಬಳ ಬೇಕಿತ್ತು, ಕುರ್ಚಿ ಬೇಕಿತ್ತು. ಸಿಟ್ಟು ಮಾಡಿಕೊಳ್ಳುವ ಶಕ್ತಿಯಂತೂ ಅವಳಲ್ಲಿ ಬಹಳ ದಿನದಿಂದ ಇರಲಿಲ್ಲ.

ಆಯ್ಕೆ ಸಮಿತಿಯಲ್ಲಿ ಮೂವರು: ಪ್ರಿನ್ಸಿಪಾಲರು, ಹೊರಗಿನಿಂದ ಬಂದ ಒಬ್ಬ ತಜ್ಞರು, ಒಬ್ಬ ನಿವೃತ್ತ ನ್ಯಾಯಾಧೀಶರು. ಮೊದಲು ಅಳಿಯನನ್ನು ಕರೆದರು. ಅವನು ಒಳಗೆ ಕಾಲಿಟ್ಟದ್ದೇ ತಡ, ಪ್ರಿನ್ಸಿಪಾಲರು ಹೊರಗೆ ಬಂದರು. ಬಂದವರು ಕಾರಿಡಾರಿನ ಬೆಂಚಿನಲ್ಲಿ, ಅವಳ ಪಕ್ಕದಲ್ಲೇ ಕೂತರು. ಆ ಕಡೆ ಈ ಕಡೆ ಹೋಗುವವರಿಗೆಲ್ಲ ಕೇಳಿಸುವಂತೆ, ಒಳಗಿರುವುದು ತಮ್ಮ ಅಳಿಯ, ಹಾಗಾಗಿ ತಾವು ಅಲ್ಲಿರುವುದು ತರವಲ್ಲ, ಕಾನೂನೆಂದರೆ ಕಾನೂನು ಎಂದು ಹೇಳಿದರು. ಗುಮಾಸ್ತರನ್ನು ಕರೆಸಿ, ತಾವು ಹೊರಗೆ ಕೂತಿರುವುದಕ್ಕೆ ಸಾಕ್ಷಿಯಾಗಿ ಫೋಟೊ ತೆಗೆಸಿಕೊಂಡರು. ಹಿಂದಿನ ಗೋಡೆಯ ಗಡಿಯಾರವೂ ಚಿತ್ರದಲ್ಲಿ ಬರಲಿ ಎಂದು ಸ್ವಲ್ಪ ಸರಿದು ಕೂತರು. ಅವಳೂ ಸರಿಯಬೇಕಾಯಿತು. ಅವಳಿಗೂ ಒಂದು ಟೀ ತರಿಸಿ, ಆತಂಕಪಡಬೇಡಿ ಎಂದು ತಂದೆಯ ಹಾಗೆ ಹೇಳಿದರು.

ಟೀ ಕುಡಿಯುತ್ತಾ ಅವಳು ನೇರವಾದ ಒಂದು ಲೆಕ್ಕ ಹಾಕಿದಳು. ಇರುವುದು ಒಂದು ಹುದ್ದೆ, ಇಬ್ಬರು ಅಭ್ಯರ್ಥಿಗಳು. ಅಳಿಯ ಹೊರಗೆ ಬಂದ ಮೇಲೆ ಮಾವ ಒಳಗೆ ಹೋಗುತ್ತಾರೆ. ಅಳಿಯನಿಗೆ ಅಂಕ ಕೊಡುವುದಿಲ್ಲ, ನಿಜ. ಅಳಿಯನ ಎದುರಾಳಿಗೆ ಮಾತ್ರ ಕೊಡುತ್ತಾರೆ. ಎಷ್ಟು ಕೊಟ್ಟರೆ ಸಾಕು ಎನ್ನುವುದು ಅವರಿಗೆ ಗೊತ್ತಿರದೆ ಇರುತ್ತದೆಯೇ.

ಇದಕ್ಕೆ ಕಾನೂನಿನಲ್ಲಿ ಒಂದು ದಾರಿ ಇದೆ. ಪ್ರತಿ ವರ್ಷ ಅವಳೇ ಅದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದಳು. ತೀರ್ಮಾನ ಮಾಡುವವನಿಗೆ ಒಂದು ಕಡೆಗೆ ಒಲವಿದೆ ಎಂದು ಗೊತ್ತಾದರೆ ಆಗಲೇ ಹೇಳಬೇಕು. ಗೊತ್ತಿದ್ದೂ ತುಟಿ ಬಿಚ್ಚದೆ ಕೂತವರು ಸೋತ ಮೇಲೆ ಕೋರ್ಟಿನಲ್ಲಿ ಬಾಯಿ ಬಡಿದುಕೊಳ್ಳುವಂತಿಲ್ಲ. ಈಗ ಹೇಳಿದರೆ ಕೆಲಸ ಹೋಯಿತು. ಹೇಳದಿದ್ದರೆ, ಕೇಳುವ ಹಕ್ಕೂ ಹೋಯಿತು. ಅತ್ತೆಯ ಮಾತು ನೆನೆಸಿಕೊಂಡು ಟೀ ಮುಗಿಸಿದಳು.

ಅವಳು ಒಳಗೆ ಹೋದಾಗ ಪ್ರಿನ್ಸಿಪಾಲರು ನಡುವಿನ ಕುರ್ಚಿಯಲ್ಲಿದ್ದರು. ಮೊದಲು ಅನುಭವದ ವಿಚಾರ ಬಂತು. ತಜ್ಞರು ಕಡತ ತಿರುವಿ, ನಡುವೆ ಒಂದು ವರ್ಷ ಖಾಲಿ ಇದೆಯಲ್ಲ ಎಂದರು. ಸೇವೆ ನಿರಂತರವಾಗಿದ್ದರೆ ಮಾತ್ರ ಅದರ ಅಂಕ ಸಿಗುತ್ತದೆ.

“ಆ ವರ್ಷ ಗಂಡನಿಗೆ ಹುಷಾರಿರಲಿಲ್ಲ, ಸರ್. ಆಮೇಲೆ ತೀರಿಕೊಂಡ್ರು.”

ತಜ್ಞರು ಮರುಕದಿಂದ ತಲೆಯಾಡಿಸಿದರು. ಅತ್ತಿತ್ತ ನೋಡಿ, ಅದಕ್ಕೆ ರಜೆ ಮಂಜೂರು ಮಾಡಿಸಿಕೊಂಡಿದ್ದಿರಾ ಎಂದು ಕೇಳಿದರು. ಅತಿಥಿಗಳಿಗೆ ರಜೆ ಇರುವುದಿಲ್ಲ ಎಂದು ಅವಳು ಹೇಳಿದಳು. ಹಾಗಾದರೆ ಸೇವೆ ತುಂಡಾದಂತೆ ಎಂದು ಅವರು ಬರೆದುಕೊಂಡರು. ಅವಳಿಗೆ ಏನೂ ಅನ್ನಿಸಲಿಲ್ಲ. ಮೇಜಿನ ಮೇಲಿನ ನೀರಿನ ಲೋಟಕ್ಕೆ ಮುಚ್ಚಳ ಇಲ್ಲದ್ದನ್ನು ನೋಡುತ್ತಾ ಕೂತಳು.

ಕೊನೆಗೆ ಮಾದರಿ ಪಾಠ. ಸಮಿತಿಯವರನ್ನೇ ವಿದ್ಯಾರ್ಥಿಗಳೆಂದುಕೊಂಡು ಪಾಠ ಮಾಡಬೇಕು. ವಿಷಯ ಅವರು ಕೊಡುತ್ತಾರೆ. ಪ್ರಿನ್ಸಿಪಾಲರು ಬೆನ್ನು ನೆಟ್ಟಗೆ ಮಾಡಿ ವಿಷಯ ಕೊಟ್ಟರು: ತನ್ನ ಪ್ರಕರಣಕ್ಕೆ ತಾನೇ ನ್ಯಾಯಾಧೀಶನಾಗುವಂತಿಲ್ಲ.

“ಉದಾಹರಣೆಗೆ ದೂರ ಹೋಗೋದೇನೂ ಬೇಡ ಮೇಡಂ,” ಎಂದು ನಕ್ಕರು. “ಈಗ ತಾನೇ ಹೊರಗೆ ನೋಡಿದ್ರಲ್ಲ.”

ಹೊರಗೆ ಕೂತದ್ದು ಅವರಿಗೆ ಸಾಲದಾಗಿತ್ತು. ಅದು ಪಾಠದಲ್ಲೂ ಬರಬೇಕಿತ್ತು, ಅದೂ ಸೋಲಲಿದ್ದವಳ ಬಾಯಿಂದ.

ಅವಳು ಸೀಮೆಸುಣ್ಣ ಹಿಡಿದಳು. ಹೊಗಳುವುದು ಎಂದೇ ನಿರ್ಧಾರ ಮಾಡಿ ಬಾಯಿ ತೆರೆದಳು. ಅಳಿಯ ಒಳಗಿದ್ದಾಗ ಮಾವ ಎದ್ದು ಹೋದದ್ದು ಈ ತತ್ವದ ಮೊದಲ ಅರ್ಧ ಎಂದಳು. ಪ್ರಿನ್ಸಿಪಾಲರ ಮುಖ ಅರಳಿತು. ಅವಳು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅರ್ಧ ಎಂದ ಮೇಲೆ ಇನ್ನರ್ಧ ಹೇಳದೆ ಬಿಡುವುದು ಹತ್ತು ವರ್ಷ ಪಾಠ ಮಾಡಿದ ಬಾಯಿಗೆ ಆಗಲಿಲ್ಲ. ಓಟದ ಪಂದ್ಯ, ಓಡುವವರು ಇಬ್ಬರು, ಒಬ್ಬರಾದ ಮೇಲೆ ಒಬ್ಬರು ಎಂದು ಬೋರ್ಡಿನ ಮೇಲೆ ಎರಡು ಗೆರೆ ಎಳೆದಳು. ಮಗ ಓಡುವಾಗ ತಂದೆ ಗಡಿಯಾರ ಮುಟ್ಟುವುದಿಲ್ಲ. ಇನ್ನೊಬ್ಬ ಓಡುವಾಗ ಗಡಿಯಾರ ತಂದೆಯ ಕೈಯಲ್ಲೇ ಇರುತ್ತದೆ. ಈಗ ಹೇಳಿ, ತಂದೆ ಪಂದ್ಯದಿಂದ ಹೊರಗಿದ್ದಾನೆಯೇ?

ನಿವೃತ್ತ ನ್ಯಾಯಾಧೀಶರು ಅಲ್ಲಿಯವರೆಗೆ ಕಣ್ಣು ಮುಚ್ಚಿದ್ದರು. ಮುಚ್ಚಿಕೊಂಡೇ, ಒಳ್ಳೆಯ ವಿದ್ಯಾರ್ಥಿಯಂತೆ ಉತ್ತರ ಕೊಟ್ಟರು.

“ಇಲ್ಲ ಮೇಡಂ. ಎರಡೂ ಓಟಕ್ಕೆ ಇರಬಾರದು.”

“ಸರಿ,” ಎಂದಳು ಅವಳು. ಸೀಮೆಸುಣ್ಣ ಕೆಳಗಿಟ್ಟಳು. “ಪಾಠ ಇಲ್ಲಿಗೆ ಮುಗೀತು, ಸರ್. ಇನ್ನು ಹೇಳೋದು ಪಾಠ ಅಲ್ಲ. ಪ್ರಿನ್ಸಿಪಾಲರು ನನಗೆ ಅಂಕ ಕೊಡೋದಕ್ಕೆ ನನ್ನ ಆಕ್ಷೇಪಣೆ ಇದೆ.”

ತಜ್ಞರು ತಮ್ಮ ಪೆನ್ನಿನ ಮುಚ್ಚಳ ಹುಡುಕತೊಡಗಿದರು. ಪ್ರಿನ್ಸಿಪಾಲರು ಒಂದು ಗಳಿಗೆ ಪೆಚ್ಚಾಗಿ, ಮರುಗಳಿಗೆಯೇ ಚಪ್ಪಾಳೆ ತಟ್ಟಿದರು. ಎಷ್ಟು ಜೀವಂತ ಪಾಠ, ನಾಟಕ ನೋಡಿದ ಹಾಗಾಯಿತು, ನಿಜವಾಗಿ ಆಕ್ಷೇಪಣೆ ಎತ್ತಿದ ಹಾಗೇ ಇತ್ತು ಎಂದರು. ಇದು ಪಾಠವಲ್ಲ ಎಂದು ಅವಳು ಮತ್ತೆ ಹೇಳಿದಳು. ನೋಡಿ ನೋಡಿ, ಇನ್ನೂ ಪಾತ್ರ ಬಿಟ್ಟಿಲ್ಲ ಎಂದು ಅವರು ತಜ್ಞರಿಗೆ ತೋರಿಸಿದರು. ಹತ್ತಕ್ಕೆ ಹತ್ತು ಬಿತ್ತು.

ಫಲಿತಾಂಶ ಬಂದಾಗ ಪಾಠದಲ್ಲಿ ಅವಳೇ ಮೊದಲು, ನಿರಂತರ ಸೇವೆಯಲ್ಲಿ ಸೊನ್ನೆ. ಹುದ್ದೆ ಅಳಿಯನಿಗೆ. ಹತ್ತು ವರ್ಷದ ಸೇವೆ ಅವಳದ್ದು ತುಂಡಾಗಿತ್ತು. ಎರಡು ವರ್ಷದ ಅವನ ಸೇವೆ ಅಖಂಡವಾಗಿತ್ತು. ಸಮಿತಿಯ ಕಡತದಲ್ಲಿ ಆಕ್ಷೇಪಣೆಯ ಸುದ್ದಿ ಎಲ್ಲೂ ಇರಲಿಲ್ಲ. ಅವಳು ನಿವೃತ್ತ ನ್ಯಾಯಾಧೀಶರ ಮನೆ ಹುಡುಕಿಕೊಂಡು ಹೋಗಿ, ನೀವು ಕೇಳಿಸಿಕೊಂಡದ್ದನ್ನು ಹೇಳುತ್ತೀರಾ ಎಂದು ಕೇಳಿದಳು. ಅವರು ಗಿಡಕ್ಕೆ ನೀರು ಹಾಕುತ್ತಿದ್ದರು.

“ನೋಡಮ್ಮಾ, ನಾನು ಉತ್ತರ ಕೊಟ್ಟದ್ದು ವಿದ್ಯಾರ್ಥಿಯಾಗಿ. ನ್ಯಾಯಾಧೀಶನಾಗಿ ಏನೂ ಹೇಳಿಲ್ಲ.”

ಮನೆಗೆ ಬಂದು ಹೇಳಿದಾಗ ಅತ್ತೆ ಬೈಯಲಿಲ್ಲ. ಬರೆದುಕೊಡಬೇಕಿತ್ತು ಎಂದರು ಅಷ್ಟೆ.

“ಬರೆದುಕೊಟ್ಟಿದ್ರೆ ಪ್ರಬಂಧ ಅಂತ ಅದಕ್ಕೂ ಮಾರ್ಕ್ಸ್ ಹಾಕ್ತಿದ್ರು ಅತ್ತೆ.”

ಅತ್ತೆ ನಕ್ಕುಬಿಟ್ಟರು. ನಕ್ಕದ್ದಕ್ಕೆ ನಾಚಿಕೊಂಡು ಒಳಗೆ ಹೋದರು.

ಆದರೆ ಪ್ರಿನ್ಸಿಪಾಲರಿಗೆ ತಮ್ಮ ದೊಡ್ಡತನವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಬಲು ಕಷ್ಟವಾಯಿತು. ಫೋಟೊವನ್ನು ಎಲ್ಲರಿಗೂ ತೋರಿಸಿ ಮುಗಿದಿತ್ತು. ಮುಂದಿನ ಸ್ಟಾಫ್ ಮೀಟಿಂಗಿನಲ್ಲಿ ಹೊಸ ಅಧ್ಯಾಪಕನನ್ನು ಪರಿಚಯಿಸಿ, ಈ ಆಯ್ಕೆ ಎಷ್ಟು ಶುದ್ಧವಾಗಿ ನಡೆಯಿತೆಂದು ಹೇಳುತ್ತಾ ಹೋದವರು, ಆ ಭರದಲ್ಲಿ ಅವಳ ಕಡೆ ಕೈ ತೋರಿಸಿದರು.

“ಈ ಮೇಡಂ ನನ್ನೆದುರಿಗೇ ನನ್ನ ಮೇಲೆ ಆಕ್ಷೇಪಣೆ ಎತ್ತಿದ್ರು. ನೀವು ಅಂಕ ಕೊಡಬಾರದು ಅಂದ್ರು. ಬೇರೆಯವರಾಗಿದ್ರೆ ಕೆಂಡ ಆಗ್ತಿದ್ರು. ನಾನು ಹತ್ತಕ್ಕೆ ಹತ್ತು ಕೊಟ್ಟೆ.”

ಅವಳು ಕಿಟಕಿಯ ಹತ್ತಿರ ನಿಂತಿದ್ದಳು. ಎಷ್ಟೋ ದಿನದ ಮೇಲೆ ಅವಳ ಮೈಯಲ್ಲಿ ಏನೋ ಚುರುಕಾಯಿತು.

“ಸರ್, ಹಿಂದಿನವರಿಗೆ ಸರಿಯಾಗಿ ಕೇಳಿಸಲಿಲ್ಲ ಅನ್ಸುತ್ತೆ.”

ಅವರು ಸಂತೋಷದಿಂದ ಮತ್ತೆ ಹೇಳಿದರು. ಈ ಸಲ ಇನ್ನೂ ಜೋರಾಗಿ, ಯಾವ ದಿನ, ಯಾವ ಕೋಣೆ, ಯಾರು ಯಾರು ಇದ್ದರು ಎನ್ನುವುದನ್ನೂ ಸೇರಿಸಿ. ಕಾನೂನು ಬೋಧಿಸುವ ಅಷ್ಟೂ ಜನ ಕೇಳಿಸಿಕೊಂಡರು. ಚಪ್ಪಾಳೆ ತಟ್ಟಿದರು. ತಟ್ಟುತ್ತಾ ತಟ್ಟುತ್ತಾ ಒಬ್ಬಿಬ್ಬರಿಗೆ ಏನೋ ಹೊಳೆದು ಕೈಗಳು ಅರ್ಧದಲ್ಲೇ ನಿಂತವು. ಗುಮಾಸ್ತರು ಮಾತ್ರ ತಲೆ ಎತ್ತದೆ ಸಭೆಯ ನಡಾವಳಿ ಬರೆದುಕೊಂಡರು.

ಆ ಸಂಜೆಯೇ ಅವಳು ಒಬ್ಬ ವಕೀಲೆಯನ್ನು ಕಂಡು ಬಂದಳು. ಗೆಲ್ಲುತ್ತೇವೆಂದು ಹೇಳಲಾರೆ, ಆದರೆ ಆಕ್ಷೇಪಣೆಯನ್ನು ಹೊತ್ತಿಗೆ ಸರಿಯಾಗಿ ಹೇಳಿದ್ದೀರಿ ಎನ್ನುವುದಕ್ಕೆ ಇನ್ನು ಅನುಮಾನ ಇಲ್ಲ ಎಂದು ವಕೀಲೆ ಹೇಳಿದಳು. ಗೆಸ್ಟ್ ಮೇಡಂಗೆ ಅಷ್ಟು ಸಾಕಾಗಿತ್ತು.

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಅಳಿಯ ಅವಳನ್ನು ಹುಡುಕಿಕೊಂಡು ಬಂದ. ಬೆಳಗ್ಗೆಯಷ್ಟೇ ತನಗೆ ಸಿಕ್ಕಿದ್ದ ಹೊಸ ಕುರ್ಚಿಯನ್ನು ಅವಳ ಕಡೆಗೆ ಎಳೆದು ಕೂರಲು ಹೇಳಿದ. ಅವಳು ನಿಂತೇ ಇದ್ದಳು.

“ಅಕ್ಕಾ, ಸೋಮವಾರದಿಂದ ಕ್ಲಾಸ್ ನಾನೇ ತಗೋಬೇಕಂತೆ. ನಿಮ್ಮ ನೋಟ್ಸ್ ಕೊಡ್ತೀರಾ?”

“ಕೊಡೋಕಾಗಲ್ಲಪ್ಪ. ನಾಳೆ ನನಗೇ ಬೇಕು, ಕೋರ್ಟಲ್ಲಿ.”

“ಹೌದಾ? ಯಾವ ಕೇಸು?”

“ನಿಮ್ದೇ.”

ಅವನು ಸ್ವಲ್ಪ ಹೊತ್ತು ಯೋಚಿಸಿದ. ಪಾಪ, ನಿಜವಾಗಿಯೂ ಯೋಚಿಸಿದ. ಹಣೆಯಲ್ಲಿ ಗೆರೆ ಮೂಡಿತು.

“ಪರವಾಗಿಲ್ಲ ಅಕ್ಕ,” ಎಂದ. “ಈಗಲೇ ಜೆರಾಕ್ಸ್ ಮಾಡಿಸ್ಕೊಂಡು ವಾಪಸ್ ಕೊಟ್ಬಿಡ್ತೀನಿ.”